ಖರಾಬು ನೆಲದ ಜೇನುದಾರಿ

ಚೈನ್ ಚೌಡಪ್ಪ ಅಂದರೆ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಜಮೀನಿದ್ದವರಿಗೆಲ್ಲ ಗೊತ್ತು. ಜಮೀನು ಅಳೆಯುವ ಕಬ್ಬಿಣದ ಚೈನಿನ ಒಂದು ತುದಿ ಹಿಡಿದು ಮೂವತ್ತೊಂದು ವರ್ಷ ನಡೆದವನು ಅವನು. ಮೂವತ್ತಮೂರು ಅಡಿ ಚೈನು, ಅದರಲ್ಲಿ ಹದಿನಾರು ಆಣೆ. ಉದ್ದ ಒಂದು ಚೈನು, ಅಗಲ ಒಂದು ಚೈನು ಆದರೆ ಒಂದು ಗುಂಟೆ. ಸರ್ವೆಯರು ಮರದ ನೆರಳಲ್ಲಿ ನಿಂತು ಬರೆದುಕೊಳ್ಳುವರು. ಮುಳ್ಳು ತುಳಿಯುವುದು, ಹಳ್ಳ ಇಳಿಯುವುದು, ಹುತ್ತದ ಪಕ್ಕ ಕಾಲಿಡುವುದು ಚೌಡಪ್ಪನ ಪಾಲು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ನಕ್ಷೆ ಓದಲು ಬರುವುದಿಲ್ಲ ಅಂತ ಜೊತೆಗಿದ್ದವರು ನಗುತ್ತಿದ್ದರು. ನಗಲಿ. ಆ ನಕ್ಷೆ ಹುಟ್ಟಿದ್ದೇ ಅವನ ಅಂಗಾಲಿನಿಂದ ಅಂತ ನಗುವವರಿಗೆ ಯಾರು ಹೇಳಬೇಕು?

ಅವನಿಗೊಂದು ಅಭ್ಯಾಸ. ಯಾವ ಊರಿಗೆ ಅಳತೆಗೆ ಹೋದರೂ ಮೊದಲು ಕೇಳುವುದು ಖರಾಬು ಎಲ್ಲಿ ಅಂತ. ಸಾಗುವಳಿಗೆ ಆಗುವುದಿಲ್ಲ ಅಂತ ಸರ್ಕಾರ ಬಿಟ್ಟ ನೆಲ ಖರಾಬು. ಹಳ್ಳದ ದಂಡೆ, ಹಳೇ ಗಾಡಿ ದಾರಿ, ಕೆರೆ ಏರಿಯ ಹಿಂದಿನ ಜೌಗು, ಸುಡುಗಾಡು, ಬಂಡೆ ಎದ್ದ ದಿಣ್ಣೆ. ಯಾರ ಹೆಸರಿಗೂ ಇಲ್ಲ, ಕಂದಾಯವೂ ಇಲ್ಲ. ಜಗಳ ಹುಟ್ಟುವುದು ಮಾತ್ರ ಯಾವಾಗಲೂ ಅಲ್ಲೇ. ಅದಕ್ಕೇ ಅವನು ಅದನ್ನು ಮೊದಲು ನೋಡಿಟ್ಟುಕೊಳ್ಳುತ್ತಿದ್ದ. ಮಧ್ಯಾಹ್ನದ ಬುತ್ತಿ ಬಿಚ್ಚುವುದೂ ಅಲ್ಲೇ, ಯಾಕೆಂದರೆ ಅಲ್ಲಿ ಮಾತ್ರ ಒಂದು ಮರವೋ ಪೊದೆಯೋ ಉಳಿದಿರುತ್ತಿತ್ತು.

ಅವನ ತಂಗಿ ಯಮುನಮ್ಮ. ಅಣ್ಣತಂಗಿ ಹುಟ್ಟಿದ್ದು ಜಡೆಯ ಕಡೆ, ಕಾನು ದಟ್ಟವಾಗಿರುವ ಸೀಮೆಯಲ್ಲಿ. ಅವಳನ್ನು ಕೊಟ್ಟಿದ್ದು ಬಳ್ಳಿಗಾವಿ ಪಕ್ಕದ ಒಂದು ಬಯಲು ಹಳ್ಳಿಗೆ. ಗಂಡ ತೀರಿಕೊಂಡ ಮೇಲೆ ಕೆರೆಯ ಕೆಳಗಿನ ಒಂದು ಎಕರೆ ಹತ್ತು ಗುಂಟೆಯನ್ನು ಒಬ್ಬಳೇ ಮಾಡಿಕೊಂಡು ಬಂದಳು. ಮಳೆಗಾಲಕ್ಕೆ ಭತ್ತ, ಬೇಸಿಗೆಗೆ ಸೌತೆ, ಕುಂಬಳ. ಶಿರಾಳಕೊಪ್ಪದ ಸಂತೆಯಲ್ಲಿ ಯಮುನಮ್ಮನ ಕುಂಬಳಕಾಯಿ ಅಂದರೆ ಹೆಚ್ಚಿ ತೋರಿಸು ಅಂತ ಯಾರೂ ಕೇಳುತ್ತಿರಲಿಲ್ಲ.

ತೊಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಬಳ್ಳಿ ಹೊಲದ ತುಂಬ ಹಬ್ಬಿತು. ಅಂಗೈ ಅಗಲದ ಹೂವು ಬಿಟ್ಟಿತು. ಹೀಚೂ ಕಟ್ಟಿತು. ಕಟ್ಟಿದ ಹೀಚು ನಾಲ್ಕನೇ ದಿನಕ್ಕೆ ಹಳದಿಯಾಗಿ ಮೆತ್ತಗಾಗಿ ಉದುರಿತು. ಊರವರು ದೃಷ್ಟಿ ಅಂದರು. ಹೊಲದ ಮೂಲೆಗೆ ಸುಣ್ಣದ ಬೊಟ್ಟಿಟ್ಟ ಮಡಕೆ ಬಂತು, ಹಳೇ ಚಪ್ಪಲಿ ಬಂತು. ಔಷಧಿ ಅಂಗಡಿಯವನು ಒಂದು ಡಬ್ಬಿ ಕೊಟ್ಟ. ಅದನ್ನು ಹೊಡೆದ ಮೇಲೆ ಬಳ್ಳಿಯ ಮೇಲಿದ್ದ ಇರುವೆಯೂ ಸತ್ತವು, ಹೀಚು ಮಾತ್ರ ಉದುರುತ್ತಲೇ ಇತ್ತು. ಮರುವರ್ಷವೂ ಅದೇ ಕಥೆ.

ಅವಳ ಹೊಲದ ಸುತ್ತ ಜಮೀನೆಲ್ಲ ಹುಚ್ಚರಾಯಪ್ಪ ಗೌಡರದು. ಕೆಟ್ಟವರಲ್ಲ, ಆದರೆ ನೆಲ ಕಂಡರೆ ಕಣ್ಣು ಕದಲಿಸುವವರಲ್ಲ. ಆಗತಾನೇ ಬಂದ ಹೈಬ್ರಿಡ್ ಮೆಕ್ಕೆಜೋಳವನ್ನು ಕಣ್ಣು ಹಾಯುವವರೆಗೆ ಹಾಕಿದ್ದರು. ನಾಲ್ಕೂ ಕಡೆ ಜೋಳ, ನಡುವೆ ನಿನ್ನದೊಂದು ಬಳ್ಳಿ ಹೊಲ ಯಾಕಮ್ಮ, ನನಗೆ ಗುತ್ತಿಗೆ ಕೊಟ್ಟು ಅಣ್ಣನ ಮನೆಯಲ್ಲಿ ನೆಮ್ಮದಿಯಾಗಿರು ಅಂತ ಹೇಳಿ ಕಳಿಸಿದರು. ಯಮುನಮ್ಮನಿಗೆ ಗೊತ್ತಿತ್ತು, ಒಮ್ಮೆ ಬದು ಮುರಿದು ಜೋಳ ಬಿತ್ತಿದರೆ ಆ ಹೊಲ ಮತ್ತೆ ತನ್ನದು ಅಂತ ಕಣ್ಣಿಗೆ ಕಾಣುವುದಿಲ್ಲ. ಅಣ್ಣನ ಮನೆಯಲ್ಲಿ ಕುಂತು ಉಣ್ಣುವುದೂ ಅವಳಿಗೆ ಬೇಡವಾಗಿತ್ತು. ಇನ್ನೂ ಸ್ವಲ್ಪ ಕಾಲ ನೋಡುತ್ತೀನಿ ಅಂದಳು. ಎಷ್ಟು ಕಾಲ ಅಂತ ಹೇಳಲಿಲ್ಲ.

ಆ ವರ್ಷ ದೀಪಾವಳಿ ಕಳೆದ ಮೇಲೆ ಚೌಡಪ್ಪನಿಗೆ ಜಡೆಯ ಕಡೆ ಅಳತೆ ಕೆಲಸ ಬಿತ್ತು. ಕಾನಿನ ಅಂಚಿನ ಮನೆ, ಗಣಪಯ್ಯನವರದು. ಅವರು ತೋಟದ ಜೊತೆಗೆ ಮೂವತ್ತು ಜೇನುಪೆಟ್ಟಿಗೆ ಇಟ್ಟವರು. ಚೌಡಪ್ಪ ಹೋದಾಗ ಆ ಮೂವತ್ತೂ ಪೆಟ್ಟಿಗೆ ಕೊಟ್ಟಿಗೆಯ ಹಿಂದೆ ಬೋರಲು ಬಿದ್ದಿದ್ದವು. ಎರಡು ವರ್ಷದ ಹಿಂದೆ ಒಂದು ರೋಗ ಬಂತು, ಗೂಡಿನೊಳಗಿನ ಮರಿಗಳೆಲ್ಲ ನೀರು ತುಂಬಿದ ಚೀಲದ ಹಾಗೆ ಆಗಿ ಸತ್ತವು, ಈ ಸೀಮೆಯಲ್ಲಿ ಪೆಟ್ಟಿಗೆಯ ತುಡುವೆ ಜೇನು ಉಳಿದಿಲ್ಲ ಅಂದರು. ಹೇಳುವಾಗ ಅವರು ಪೆಟ್ಟಿಗೆಯ ಕಡೆ ನೋಡಲಿಲ್ಲ.

ಚೌಡಪ್ಪ ಮಾತಿಗೆ ಮಾತು ಅಂತ ತಂಗಿಯ ಹೀಚಿನ ವಿಷಯ ಎತ್ತಿದ. ಗಣಪಯ್ಯ ಎಲೆ ಅಡಿಕೆ ತಟ್ಟೆ ಪಕ್ಕಕ್ಕಿಟ್ಟರು. ದೃಷ್ಟಿ ಅಲ್ಲ, ಭೂಮಿಯ ದೋಷವೂ ಅಲ್ಲ, ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಮುಟ್ಟಿಸುವವರು ಸತ್ತುಹೋಗಿದ್ದಾರೆ, ಅಷ್ಟೇ ಅಂತ ಬಿಡಿಸಿ ಹೇಳಿದರು. ಬೆಳಗ್ಗೆ ಬಿಸಿಲೇರುವ ಮೊದಲು ಗಂಡು ಹೂವು ಕಿತ್ತು, ಎಸಳು ಹರಿದು, ಒಂದೊಂದು ಹೆಣ್ಣು ಹೂವಿಗೂ ತಾನೇ ಮುಟ್ಟಿಸಲು ಹೇಳು ಅಂದರು. ಆಮೇಲೆ ಏನೋ ನೆನಪಾದವರಂತೆ, ಬಾ ಒಂದು ತೋರಿಸುತ್ತೇನೆ ಅಂತ ಕಾನಿನೊಳಗೆ ಕರೆದುಕೊಂಡು ಹೋದರು.

ನಾಲ್ಕು ಜನ ತಬ್ಬಿದರೂ ಸಿಗದ ಹಳೇ ಹಲಸಿನ ಮರ. ಆಳುದ್ದ ಮೇಲೆ ಒಂದು ಪೊಟರೆ, ಬಾಯಿ ಎರಡು ಬೆರಳಿನಷ್ಟು. ಆ ಬಾಯಿಂದ ಬಿಸಿಲಿನ ಎಳೆ ಹರಿದಂಗೆ ಹುಳ ಹೋಗುತ್ತಿದ್ದವು, ಬರುತ್ತಿದ್ದವು. ಬರುವವುಗಳ ಹಿಂಗಾಲಿಗೆ ಸಾಸಿವೆ ಕಾಳಿನಷ್ಟು ಹಳದಿ ಉಂಡೆ. ಬಾಗಿಲಲ್ಲಿ ಆರೇಳು ಹುಳ ಸಾಲಾಗಿ ನಿಂತು, ಕಾಲೂರಿ, ರೆಕ್ಕೆ ಬೀಸುತ್ತ ಒಳಗೆ ಗಾಳಿ ಹಾಕುತ್ತಿದ್ದವು. ಒಂದಕ್ಕೆ ಸುಸ್ತಾದರೆ ಅದು ಸರಿದು ಇನ್ನೊಂದು ಬಂದು ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಯಾರೂ ಕರೆಯಲಿಲ್ಲ, ಯಾರೂ ಗದರಲಿಲ್ಲ. ಇಪ್ಪತ್ತಾರು ವರ್ಷ ಸರ್ಕಾರಿ ಕೆಲಸ ಮಾಡಿದವನಿಗೆ ಅದೇ ದೊಡ್ಡ ಸೋಜಿಗವಾಯಿತು. ಮರಕ್ಕೆ ಕಿವಿ ಇಟ್ಟ. ಒಳಗೆ ದೂರದ ಮಳೆಯ ಸದ್ದು.

ಗಣಪಯ್ಯ ಹಳ್ಳದ ಅಂಚಿನಲ್ಲಿ ನೀರು ಕುಡಿಯುತ್ತಿದ್ದ ಒಂದು ಹುಳದ ಬೆನ್ನಿಗೆ ಚಿಟಿಕೆ ಅಕ್ಕಿಹಿಟ್ಟು ಉದುರಿಸಿದರು. ಅದು ಎದ್ದು ಒಂದು ಸುತ್ತು ಹಾಕಿ ನೆಟ್ಟಗೆ ಮರದ ಕಡೆ ಹೋಯಿತು. ಇವರು ಒಂದು ಎಲೆ ಜಗಿದು ಮುಗಿಸುವುದರೊಳಗೆ ಅದೇ ಬಿಳಿ ಬೆನ್ನಿನ ಹುಳ, ಅದೇ ಕಲ್ಲಿನ ಅದೇ ಮೂಲೆಗೆ ಬಂದು ಕೂತಿತು. ಚೌಡಪ್ಪ ಗಡಿಯ ಬಾಂದುಕಲ್ಲು ಹುಡುಕಲು ಅರ್ಧ ದಿನ ಕಳೆದದ್ದು ಎಷ್ಟು ಸಲವೋ. ಈ ಕಾಳಿನಷ್ಟು ಜೀವಕ್ಕೆ ಕಲ್ಲಿನ ಮೂಲೆ ನೆನಪಿತ್ತು.

"ಇವು ಎಲ್ಲೀ ತನಕ ಹೋಗ್ತಾವೆ, ಗಣಪಯ್ಯನೋರೆ?" ಅಂತ ಕೇಳಿದ.

"ಮೇವಿಗೆ ಅರ್ಧ ಮೈಲಿ, ಹೆಚ್ಚಂದ್ರೆ ಮುಕ್ಕಾಲು. ಹಿಂಡು ಒಡೆದು ಪಾಲಾದಾಗ ಹೊಸ ಮನೆ ಹುಡುಕಿ ಇನ್ನೊಂದಿಷ್ಟು ದೂರ. ಹೋದ ಕಡೆ ಹೂವಿರಬೇಕು, ಪೊಟರೆ ಇರಬೇಕು. ಎರಡೂ ಇಲ್ಲದ ಬಯಲು ಸಿಕ್ತು ಅಂದ್ರೆ ಅಲ್ಲಿಗೆ ಲೋಕ ಮುಗೀತು ಅಂತ ತಿರುಗ್ತವೆ."

ಚೌಡಪ್ಪ ತಿರುಗುವ ಮನುಷ್ಯನಲ್ಲ. ಲೋಕ ಮುಗಿದಿದ್ದರೆ ತಾನೇ ಹೊತ್ತುಕೊಂಡು ಹೋಗಿ ಆಚೆ ಬಿಡುತ್ತೇನೆ ಅಂತ ಹಟ ಹಿಡಿದ. ಆ ಪೊಟರೆಯ ಹಿಂಡು ಮುಂದೆ ಪಾಲು ಒಡೆದಾಗ ಗಣಪಯ್ಯ ಅದನ್ನು ಒಂದು ಪೆಟ್ಟಿಗೆಗೆ ತುಂಬಿಕೊಟ್ಟರು. ಒದ್ದೆ ಗೋಣಿ ಸುತ್ತಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಕೂತ. ಒಳಗೇನು ಗುಂಯ್ ಅನ್ನುತ್ತದೆ ಅಂತ ಕಂಡಕ್ಟರು ಕೇಳಿದ್ದಕ್ಕೆ ರೇಡಿಯೋ ಕೆಟ್ಟಿದೆ ಅಂದ. ಸೊರಬದಲ್ಲಿ ಬಸ್ಸು ಬದಲಿಸುವಾಗ ಗೋಣಿಯ ಸಂದಿಯಿಂದ ಎರಡು ಹುಳ ಹೊರಗೆ ಬಂದು, ಅವನ ಪಕ್ಕದ ಸೀಟು ಶಿರಾಳಕೊಪ್ಪದವರೆಗೂ ಖಾಲಿ.

ಆ ಪೆಟ್ಟಿಗೆಯನ್ನು ಯಮುನಮ್ಮನ ಹೊಲದ ಬದುವಿಗಿಟ್ಟರು. ಎಂಟು ದಿನ ಹುಳ ಜೋಳದ ಮೇಲೆ ಅತ್ತ ಇತ್ತ ಅಲೆದವು. ಒಂಬತ್ತನೇ ದಿನ ಪೆಟ್ಟಿಗೆ ಖಾಲಿ. ಎಲ್ಲಿ ಹೋದವೋ, ಎಲ್ಲಿ ಸತ್ತವೋ. ಯಮುನಮ್ಮ ಅಣ್ಣನನ್ನು ಬೈಯಲಿಲ್ಲ. ಹಸಿದ ಮನೆಗೆ ಹೆಣ್ಣು ತಂದು ಬಿಟ್ಟಂಗಾಯ್ತು ಅಂದಳು, ಅಷ್ಟೇ. ಮರುದಿನದಿಂದ ನಸುಕಿನಲ್ಲೇ ಎದ್ದು ಗಂಡು ಹೂವು ಕಿತ್ತು ತಾನೇ ಹೆಣ್ಣು ಹೂವಿಗೆ ಮುಟ್ಟಿಸತೊಡಗಿದಳು. ಬಿಸಿಲೇರಿದರೆ ಹೂವು ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಕಾಲು ಭಾಗ ಹೊಲವೂ ಆಗುತ್ತಿರಲಿಲ್ಲ. ಬಗ್ಗಿ ಬಗ್ಗಿ ಸೊಂಟ ಹೋಯಿತು. ಆದರೂ ಆ ಕಾಲು ಭಾಗದಲ್ಲಿ ಕಾಯಿ ನಿಂತಿತು. ಗಣಪಯ್ಯನ ಮಾತು ನಿಜ ಅಂತ ಆವತ್ತು ಗೊತ್ತಾಯಿತು.

ಖಾಲಿ ಪೆಟ್ಟಿಗೆ ಹೊತ್ತುಕೊಂಡು ಚೌಡಪ್ಪ ಹಳ್ಳದ ದಂಡೆಗುಂಟ ಬಸ್ಸಿಗೆ ನಡೆಯುತ್ತಿದ್ದ. ದಂಡೆ ಖರಾಬು. ಜೋಳದ ಬಯಲಿನಲ್ಲಿ ಒಂದು ಹೂವೂ ಕಾಣದ ಹೊತ್ತಿನಲ್ಲಿ ಅಲ್ಲಿ ತುಂಬೆ ಹೂ ಬಿಟ್ಟಿತ್ತು, ಲಕ್ಕಿ ಗಿಡದ ತುದಿ ನೀಲಿಯಾಗಿತ್ತು. ಹಳ್ಳ ದಾಟಲು ಊರವರು ಹೆಜ್ಜೆಗೊಂದರಂತೆ ಕಲ್ಲು ಹಾಕಿದ್ದರು. ಚೌಡಪ್ಪ ನಡುವಿನ ಕಲ್ಲಿನ ಮೇಲೆ ಪೆಟ್ಟಿಗೆ ಸಮೇತ ನಿಂತುಬಿಟ್ಟ. ಜಡೆಯ ಕಾನಿನಿಂದ ಈ ಹೊಲದ ತನಕ ತಾನು ಬುತ್ತಿ ಬಿಚ್ಚಿದ ಜಾಗಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಹಳ್ಳದ ಖರಾಬು, ಅದರಾಚೆ ಗುಂಡುತೋಪು, ಅದರಾಚೆ ಸುಡುಗಾಡು, ಬಂಡೆ ದಿಣ್ಣೆ, ಕೆರೆ ಏರಿ. ಬೆರಳು ಮಡಿಸಿ ಎಣಿಸಿದ. ಇಪ್ಪತ್ತಾರು. ಒಂದರಿಂದ ಒಂದಕ್ಕೆ ಎಲ್ಲೂ ಒಂದು ಮೈಲಿ ಮೀರುವುದಿಲ್ಲ. ಯಾರಿಗೂ ಬೇಡವಾದ ನೆಲ ತಾಲ್ಲೂಕಿನಿಂದ ತಾಲ್ಲೂಕಿಗೆ ಒಂದು ದಾರಿಯಾಗಿ ಬಿದ್ದಿತ್ತು. ಇಷ್ಟು ವರ್ಷ ಅದರ ಮೇಲೇ ಕೂತು ರೊಟ್ಟಿ ತಿಂದಿದ್ದ, ಕಂಡಿರಲಿಲ್ಲ.

ಓದಿದವರು ಇಂಥದ್ದಕ್ಕೆ ದೊಡ್ಡ ಹೆಸರಿಟ್ಟು, ಹಾಲ್‌ನಲ್ಲಿ ಮೀಟಿಂಗು ಮಾಡಿ, ಬಿಸ್ಕತ್ತು ತಿಂದು ಏಳುತ್ತಾರೆ. ಚೌಡಪ್ಪ ಸಂತೆಯಲ್ಲಿ ಇಪ್ಪತ್ತಾರು ಮಡಕೆ ಕೊಂಡ. ಪ್ರತಿಯೊಂದಕ್ಕೂ ಎರಡು ಬೆರಳಿನಷ್ಟು ತೂತು ಕೊರೆದು, ಒಳಗೆ ಗಣಪಯ್ಯ ಕೊಟ್ಟ ಹಳೇ ಜೇನುಮೇಣ ಸವರಿ, ಬಾಯಿಗೆ ಹಲಗೆ ಕಟ್ಟಿ, ಭಾನುವಾರ ಭಾನುವಾರ ನಡೆದು ಒಂದೊಂದು ಖರಾಬಿನ ಮರದ ಕವಲಿಗೆ ಒಂದೊಂದನ್ನು ಬಿಗಿದ. ಸುಡುಗಾಡಿನಲ್ಲಿ, ಮೂರು ದಾರಿ ಕೂಡುವಲ್ಲಿ, ಹಾಳು ಬಾವಿಯ ಪಕ್ಕ ಮಡಕೆ ನೇತಾಡುವುದು ನೋಡಿ ಜನ ಮಾಟ ಅಂತ ಹೆದರಿದರು. ಯಾರೂ ಮುಟ್ಟಲಿಲ್ಲ. ಅದೇ ಕಾವಲಾಯಿತು.

ಮನೆ ಆಯಿತು, ಮೇವು? ಇಪ್ಪತ್ತಾರು ಊರಿನ ಖರಾಬಿಗೆ ಒಬ್ಬನೇ ಬೀಜ ಹಾಕಲು ಆಗುತ್ತದೆಯೇ? ಅದಕ್ಕೂ ಒಂದು ದಾರಿ ಹೊಳೆಯಿತು. ಸೊರಬದವರು ಭೂಮಿ ಹುಣ್ಣಿಮೆ ಅನ್ನುವುದನ್ನು ಶಿಕಾರಿಪುರದ ಕೆಲವು ಕಡೆ ಸೀಗೆ ಹುಣ್ಣಿಮೆ ಅನ್ನುತ್ತಾರೆ. ಹೆಸರು ಯಾವುದಾದರೂ ಆವತ್ತು ಭೂಮಿತಾಯಿ ಬಸುರಿ. ಬಗೆಬಗೆಯ ಸೊಪ್ಪು, ಕಾಳು ಬೇಯಿಸಿ ಕಲಸಿದ ಚರಗವನ್ನು ನಸುಕಿನಲ್ಲಿ ಗದ್ದೆಯ ಸುತ್ತ ಚೆಲ್ಲಿ ಅವಳ ಬಯಕೆ ತೀರಿಸುತ್ತಾರೆ. ಪ್ರತಿ ಮನೆಯವರೂ ಎಡೆ ಹಿಡಿದು ಗಡಿ ಸುತ್ತುವ ದಿನ ಅದೊಂದೇ. ಗಡಿ ಅಂದಮೇಲೆ ಪಕ್ಕದಲ್ಲೇ ಖರಾಬು. ಚೌಡಪ್ಪ ಹುಚ್ಚೆಳ್ಳು, ಕೊತ್ತಂಬರಿ, ಸಾಸಿವೆ ಬೀಜ ಚೀಲಗಟ್ಟಲೆ ತಂದು ಆ ಊರುಗಳ ಹೆಂಗಸರಿಗೆ ಹಂಚಿದ. ಇದನ್ನು ಚರಗದಲ್ಲಿ ಸೇರಿಸಿ ಖರಾಬಿಗೂ ನಾಲ್ಕು ಹಿಡಿ ಚೆಲ್ಲಿ ಅಂದ. ಭೂಮಿತಾಯಿಯ ಹೆಸರಲ್ಲಿ ಕೇಳಿದ್ದನ್ನು ಯಾರು ಇಲ್ಲ ಅಂತಾರೆ? ಎಲ್ಲ ಊರಲ್ಲೂ ಚೆಲ್ಲಿದರು.

ಹದಿನೈದು ದಿನ ಬಿಟ್ಟು ನೋಡಲು ಹೋದ. ಒಂದು ಮೊಳಕೆ ಇಲ್ಲ. ಎರಡನೇ ಊರಲ್ಲೂ ಇಲ್ಲ, ಹತ್ತನೇ ಊರಲ್ಲೂ ಇಲ್ಲ. ಇರುವೆ ಒಯ್ದವೋ, ಬೀಜವೇ ಕೆಟ್ಟಿತ್ತೋ ಅಂತ ತಲೆ ಕೆಡಿಸಿಕೊಂಡು ತಂಗಿಯ ಮನೆಗೆ ಬಂದು ಕೂತ. ಯಮುನಮ್ಮ ಒಂದು ಗಳಿಗೆ ಅಣ್ಣನ ಮುಖ ನೋಡಿದಳು.

"ಅಣ್ಣ, ಚರಗಕ್ಕೆ ಹಾಕಿ ಅಂತ ಕೊಟ್ಟಿದ್ದೆ. ಹಾಕಿದ್ವಿ. ಸೊಪ್ಪಿನ ಜೊತೆ ಚೆನ್ನಾಗಿ ಬೇಯಿಸಿದ್ವಿ. ನಂದು ಒಂದಿಷ್ಟು ಸೀದೂ ಹೋಯ್ತು."

ಇಪ್ಪತ್ತಾರು ಊರಿನ ಹೆಂಗಸರು ಅವನ ಜೇನುದಾರಿಯನ್ನು ಹಂಡೆಯಲ್ಲಿ ಕುದಿಸಿ ಭೂಮಿಗೆ ಉಣಬಡಿಸಿದ್ದರು. ಅವನು ಕೋಪದಲ್ಲಿ ಎದ್ದು ಅಂಗಳದ ತನಕ ಹೋದ. ಅಲ್ಲಿ ನಿಂತು ನಗು ತಡೆಯಲಾಗದೆ ತಿರುಗಿ ಬಂದ. ತಪ್ಪು ಅವರದಲ್ಲ. ಚರಗ ಅಂದರೆ ಬೆಂದದ್ದು ಅಂತ ಹಾಲು ಕುಡಿಯುವ ಮಗುವಿಗೂ ಗೊತ್ತು. ಅವನಿಗೆ ಹೊಳೆದಿರಲಿಲ್ಲ.

ಮುಂದಿನ ವರ್ಷ ಹಸಿ ಬೀಜವನ್ನೇ ಚೆಲ್ಲಿ ಅಂದರೆ ಹೆಂಗಸರು ಒಪ್ಪಲಿಲ್ಲ. ಬಸುರಿಯ ಬಾಯಿಗೆ ಹಸಿ ಕಾಳು ಹಾಕುತ್ತಾರೇನಪ್ಪ, ಹೊಟ್ಟೆನೋವು ಬಂದರೆ ಯಾರು ನೋಡಬೇಕು ಅಂತ ಒಬ್ಬ ಮುದುಕಿ ಅವನ ಮುಖಕ್ಕೇ ಹೇಳಿದಳು. ಉತ್ತರ ಕೊಟ್ಟಿದ್ದು ಯಮುನಮ್ಮ. ಬಾಯಿಗೆ ಹಾಕಬೇಡಿ, ಉಡಿಗೆ ಹಾಕಿ ಅಂದಳು. ಬಸುರಿಗೆ ಉಡಿ ತುಂಬುವಾಗ ಅಕ್ಕಿ ಬೇಯಿಸಿ ತುಂಬುತ್ತೀವೇನು? ಚರಗ ಊಟಕ್ಕೆ, ಈ ಬೀಜ ಉಡಿಗೆ. ಅಷ್ಟೇ ಮಾತು. ಮುದುಕಿ ಸೆರಗು ಒಡ್ಡಿ ಮೊದಲ ಹಿಡಿ ಬೀಜ ತಾನೇ ಇಸಿದುಕೊಂಡಳು. ಆ ಮಾತು ಊರಿಂದ ಊರಿಗೆ ಅವನ ಕಾಲಿಗಿಂತ ಮುಂಚೆ ಹೋಯಿತು. ತೊಂಬತ್ತೈದರ ಹುಣ್ಣಿಮೆಯ ನಸುಕಿನಲ್ಲಿ ಹೆಂಗಸರು ಅರಿಶಿನ ಹಚ್ಚಿದ ಬೀಜವನ್ನು ಖರಾಬಿನ ಮೇಲೆ ಐದು ಹಿಡಿ ಚೆಲ್ಲಿ, ಕೈ ಮುಗಿದು ಬಂದರು. ಕೊನೆಯ ಮಳೆ ಎರಡು ದಿನ ಬಿಟ್ಟು ಬಿತ್ತು.

ಡಿಸೆಂಬರಿನಲ್ಲಿ ಚೌಡಪ್ಪ ಆ ದಾರಿಯ ಅರ್ಧದಲ್ಲಿರುವ ಬಂಡೆ ದಿಣ್ಣೆ ಹತ್ತಿದ. ಕೊಯ್ಲಾದ ಬಯಲು ಬೂದು ಬಣ್ಣಕ್ಕೆ ತಿರುಗಿತ್ತು. ಅದರ ನಡುವೆ ಹಳದಿ. ಪಡುವಣದ ಕಾನಿನ ಕಪ್ಪು ಗೆರೆಯಿಂದ ಹೊರಟು, ಹಳ್ಳದ ಜೊತೆ ಬಳುಕಿ, ಏರಿ ಹತ್ತಿ, ಸುಡುಗಾಡು ಬಳಸಿ, ಅಲ್ಲಲ್ಲಿ ಕಡಿದು ಮತ್ತೆ ಹುಟ್ಟಿ, ಅವನ ಕಾಲಕೆಳಗೆ ಹಾದು ಬಳ್ಳಿಗಾವಿಯ ಕಡೆ ಹೋಗಿತ್ತು ಹುಚ್ಚೆಳ್ಳಿನ ಹೂವಿನ ಗೆರೆ. ಇಪ್ಪತ್ತೆಂಟು ವರ್ಷ ಅವನು ಎಳೆದ ಗೆರೆಯೆಲ್ಲ ನಿನ್ನದು ನನ್ನದು ಅಂತ ಬೇರೆ ಮಾಡಿದ ಗೆರೆಗಳು. ಮೊದಲ ಸಲ ಒಂದು ಗೆರೆ ಕೂಡಿಸುವುದಕ್ಕೆ ಬಿದ್ದಿತ್ತು. ತಲೆಗೆ ಸುತ್ತಿದ್ದ ಟವೆಲು ತೆಗೆದು ಅಲ್ಲೇ ಬಂಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತ. ಬಸ್ಸು ತಪ್ಪಿತು.

ಆ ಚಳಿಗಾಲ ಕಾನಿಗೆ ಹತ್ತಿರದ ನಾಲ್ಕು ಮಡಕೆಗೆ ಜೇನು ಬಂತು. ಮುಂದಿನ ವರ್ಷ ಆ ನಾಲ್ಕು ಒಡೆದು ಹನ್ನೊಂದು. ಮಡಕೆ ತುಂಬಿದರೆ ಆ ಊರವರೇ ಚೌಡಪ್ಪನಿಗೆ ಹೇಳಿ ಕಳಿಸುತ್ತಿದ್ದರು. ಉಡಿಗೆ ಹಾಕಿದ ಬೀಜದ ಹೂವುಂಡು ಬಂದ ಹುಳ ಅಂತ ಹೆಂಗಸರು ಅದನ್ನು ಮನೆಮಗಳ ಹಾಗೆ ಕಾದರು. ಒಂದು ಊರಲ್ಲಿ ಮಾತ್ರ ಮೂರು ಜನ ಕುಡಿದು ಮಡಕೆ ಒಡೆದು ತುಪ್ಪ ನೆಕ್ಕಿದರು. ಅವರ ಹೆಸರು ಬರೆಯುವುದಿಲ್ಲ, ಬರೆದರೆ ಹಾಳೆ ಹೊಲಸಾಗುತ್ತದೆ. ಅಲ್ಲಿ ಇನ್ನೊಂದು ಮಡಕೆ ಕಟ್ಟಿ ಒಂದು ವರ್ಷ ಹೆಚ್ಚಿಗೆ ಕಾಯಬೇಕಾಯಿತು. ತೊಂಬತ್ತೇಳರ ಬೇಸಿಗೆಯ ಹೊತ್ತಿಗೆ ಜೇನು ಬಳ್ಳಿಗಾವಿಯ ಕೆರೆ ಏರಿಯ ತನಕ ಬಂದು ನಿಂತಿತು. ಇಪ್ಪತ್ತೈದನೇ ಮಡಕೆ.

ನಿಂತದ್ದು ನಿಂತೇಬಿಟ್ಟಿತು. ಇಪ್ಪತ್ತಾರನೆಯದು ಕಟ್ಟಲು ಖರಾಬು ಸಿಗದೆ ಯಮುನಮ್ಮನ ಬದುವಿಗೇ ಕಟ್ಟಿದ್ದು. ನಡುವೆ ಹುಚ್ಚರಾಯಪ್ಪ ಗೌಡರ ಜೋಳ, ಒಂದು ಮೈಲಿಗೆ ಕಡಿಮೆ ಇಲ್ಲ. ಅಲ್ಲೊಂದು ಹಳೇ ಗಾಡಿ ದಾರಿಯ ಖರಾಬು ಇರಬೇಕಿತ್ತು, ಚೌಡಪ್ಪನ ಎಣಿಕೆಯಲ್ಲಿತ್ತು, ನೆಲದ ಮೇಲೆ ಇರಲಿಲ್ಲ. ಗೌಡರು ಅದನ್ನು ಉತ್ತು ಸೇರಿಸಿಕೊಂಡು ಎಷ್ಟೋ ಕಾಲವಾಗಿತ್ತು. ನಾಲ್ಕನೇ ಬೇಸಿಗೆಗೂ ಯಮುನಮ್ಮ ಕೈಯಿಂದಲೇ ಹೂವು ಮುಟ್ಟಿಸಿದಳು. ಬಲಗೈ ಭುಜದ ಮೇಲೆ ಏಳುತ್ತಿರಲಿಲ್ಲ. ಗೌಡರು ಮತ್ತೆ ಹೇಳಿ ಕಳಿಸಿದಾಗ, ಇನ್ನೊಂದೇ ಬೇಸಿಗೆ, ಆಗಲೂ ಕೈಯೇ ಗತಿ ಅಂತಾದರೆ ಬರುವ ಯುಗಾದಿಗೆ ಹೊಲ ನಿಮಗೆ ಅಂತ ಮಾತು ಕೊಟ್ಟುಬಿಟ್ಟಳು.

ಚೌಡಪ್ಪ ಗೌಡರ ಮನೆಗೆ ಹೋದ. ಜಗುಲಿಯ ಮೇಲೆ ಗೌಡರು, ಬಾಗಿಲ ಮರೆಯಲ್ಲಿ ಅವರ ಹೆಂಡತಿ ನೀಲಾಂಬಿಕ. ಆ ದಾರಿಯ ನೆಲ ಬಿಟ್ಟುಕೊಡಿ ಅಂತ ಕೇಳಿದ್ದಕ್ಕೆ ಗೌಡರು ನಕ್ಕರು. ಅಳೆದವನು ನೀನೇ, ಚೈನು ಹಿಡಿದವನು ನೀನೇ, ಅಳತೆಯಲ್ಲಿ ಅಲ್ಲಿ ದಾರಿಯೇ ಇಲ್ಲ ಅಂತ ಬರೆದಿದೆಯಲ್ಲೋ, ಈಗ ಹುಳಕ್ಕೆ ದಾರಿ ಬೇಕಂತೆ, ನಾಳೆ ಇರುವೆಗೆ ಬಸ್ ಸ್ಟ್ಯಾಂಡು ಕೇಳುತ್ತೀಯಾ ಅಂದರು.

ಚೌಡಪ್ಪನ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು.

"ಅಳೆದವನೇ ಹೇಳ್ತಿದೀನಿ, ಗೌಡ್ರೆ. ಆವತ್ತು ಬಾಂದುಕಲ್ಲು ಮಣ್ಣಲ್ಲಿ ಹೂತಿತ್ತು. ಎಲ್ಲೈತೆ ಅಂತ ನನಗೆ ಗೊತ್ತಿತ್ತು. ನಿಮ್ಮನೇಲಿ ಹೋಳಿಗೆ ಊಟ ಮಾಡಿದ್ದೆ, ಬಾಯಿ ಬಿಡಲಿಲ್ಲ. ದಾರಿ ನುಂಗಿದ್ದು ನೀವಲ್ಲ, ನಾನು. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

ಗೌಡರ ನಗು ನಿಂತಿತು. ಹೇಳಿದರೆ ನಿನ್ನ ಪಿಂಚಣಿ ಗತಿ ಏನು ಗೊತ್ತೇನೋ ಅಂದರು. ಗೊತ್ತು ಅಂದ. ಅವರು ಎದ್ದು ಒಳಗೆ ಹೋದರು. ಚೌಡಪ್ಪ ಮೆಟ್ಟಿಲಿಳಿದು ಬಂದ. ಬಾಗಿಲ ಮರೆಯಲ್ಲಿದ್ದವರು ಇನ್ನೂ ಅಲ್ಲೇ ನಿಂತಿದ್ದರು.

ಅದಾಗಿ ಹುಣ್ಣಿಮೆ ಬಂತು. ನಸುಕಿನಲ್ಲಿ ಯಮುನಮ್ಮ ತನ್ನ ಗಡಿ ಸುತ್ತುತ್ತಿದ್ದಾಗ ಗೌಡರ ಹೊಲದ ನಡುವೆ ಒಂದು ದೊಂದಿ ಬೆಳಕು ಕಂಡಿತು. ನೀಲಾಂಬಿಕ. ಜೋಳ ಆಗಲೇ ಮುರಿದಾಗಿತ್ತು, ದಂಟು ಕೊಯ್ದಾಗಿತ್ತು. ಅವರು ಕೆರೆ ಏರಿಯಿಂದ ಯಮುನಮ್ಮನ ಬದುವಿನ ತನಕ, ಒಂದು ಕಡೆ ಬಲಕ್ಕೆ ಬಾಗಿ, ಇನ್ನೊಂದು ಕಡೆ ಒಂದು ಬೇವಿನ ಬೊಡ್ಡೆ ಬಳಸಿ, ಹ್ಯಾಗೆ ಹಳೇ ದಾರಿ ಇತ್ತೋ ಹಾಗೇ ನಡೆದು ಉಡಿಯ ಬೀಜ ಚೆಲ್ಲುತ್ತ ಬಂದರು. ಚೈನಿಲ್ಲ, ನಕ್ಷೆಯಿಲ್ಲ. ಆಮೇಲೆ ಚೌಡಪ್ಪ ಹೋಗಿ ಹೆಜ್ಜೆಯಲ್ಲೇ ಅಳೆದು ನೋಡಿದ. ಒಂದು ಆಣೆ ಆಚೀಚೆ ಇರಲಿಲ್ಲ. ಮದುವೆಯಾಗಿ ಈ ಊರಿಗೆ ಬಂದ ದಿನ ಅವರ ಗಾಡಿ ಬಂದದ್ದು ಆ ದಾರಿಯಲ್ಲಂತೆ. ಅಷ್ಟೇ ಅವರು ಯಮುನಮ್ಮನಿಗೆ ಹೇಳಿದ್ದು.

ಉಡಿ ತುಂಬಿದ ನೆಲಕ್ಕೆ ನೇಗಿಲು ಇಡಲು ಗೌಡರಿಗೂ ಧೈರ್ಯ ಬರಲಿಲ್ಲ. ಆ ಪಟ್ಟಿಯನ್ನು ಬಿಟ್ಟು ಎರಡೂ ಬದಿ ಉಳುಮೆ ಮಾಡಿಸಿದರು. ಜನವರಿಯಲ್ಲಿ ಅವರ ಬೋಳು ಹೊಲದ ನಡುವೆ ಹುಚ್ಚೆಳ್ಳು, ಕೊತ್ತಂಬರಿ ಹೂಬಿಟ್ಟು, ಗಾಡಿ ದಾರಿ ಹಳದಿ ಬಿಳಿಯಾಗಿ ಎದ್ದು ಕೂತಿತು.

ಫೆಬ್ರವರಿ ಕೊನೆಯ ಒಂದು ದಿನ, ಹನ್ನೊಂದು ಗಂಟೆಯ ಬಿಸಿಲು. ಚೌಡಪ್ಪ ಸಾರು ಅನ್ನ ಉಂಡು ತಂಗಿಯ ಹಿತ್ತಿಲಲ್ಲಿ ಕೈ ತೊಳೆಯುತ್ತಿದ್ದ. ದೂರದಲ್ಲಿ ಲಾರಿ ಬಂದ ಸದ್ದಾಯಿತು. ಲಾರಿ ಹತ್ತಿರ ಬಂತು, ಆದರೆ ರಸ್ತೆಯ ಕಡೆಯಿಂದಲ್ಲ. ತಲೆಯೆತ್ತಿ ನೋಡಿದರೆ ಹೊಲದ ಮೇಲೆ ಒಂದು ಕಂದು ಮೋಡ, ಆಳೆತ್ತರದಲ್ಲಿ, ತನ್ನೊಳಗೇ ತಾನು ಸುತ್ತಿಕೊಳ್ಳುತ್ತ, ಹಿಗ್ಗುತ್ತ, ಕುಗ್ಗುತ್ತ ಬರುತ್ತಿತ್ತು. ನೇರ ಬರಲಿಲ್ಲ. ಬಲಕ್ಕೆ ಬಾಗಿತು, ಬೇವಿನ ಬೊಡ್ಡೆ ಬಳಸಿತು, ಆ ಹೂವಿನ ಪಟ್ಟಿ ಎಲ್ಲಿ ಹೋದರೆ ಅಲ್ಲಿ ಬಂತು. ಸಾವಿರಾರು ರೆಕ್ಕೆಯ ಗಾಳಿ ಅವನ ಒದ್ದೆ ಕೈಗೆ ತಾಗಿತು. ಒಂದು ಹುಳವೂ ಕಚ್ಚಲಿಲ್ಲ. ಅವನೊಬ್ಬ ಅಲ್ಲಿ ಇದ್ದಾನೆ ಅಂತಲೇ ಅವಕ್ಕೆ ಇರಲಿಲ್ಲ. ಅವನು ಕಟ್ಟಿದ್ದ ಮಡಕೆಯನ್ನು ತಿರುಗಿಯೂ ನೋಡದೆ ಯಮುನಮ್ಮನ ಮನೆಯ ಮಣ್ಣುಗೋಡೆಯಲ್ಲಿ ತೊಲೆಯ ಕೆಳಗಿದ್ದ ಒಂದು ಬಿರುಕಿಗೆ ಮುತ್ತಿದವು. ನೋಡನೋಡುತ್ತ ಮೋಡ ದಾರವಾಯಿತು, ದಾರ ಗೋಡೆಯೊಳಗೆ ಸೇರಿತು. ಕೊನೆಗೆ ಆರೇಳು ಹುಳ ಬಿರುಕಿನ ಬಾಯಲ್ಲಿ ಕಾಲೂರಿ ರೆಕ್ಕೆ ಬೀಸತೊಡಗಿದವು.

ಚೌಡಪ್ಪ ಗೋಡೆಗೆ ಕಿವಿ ಇಟ್ಟ. ಯಮುನಮ್ಮ ಒಂದು ತಟ್ಟೆಯಲ್ಲಿ ನೀರು, ನೀರೊಳಗೆ ನಾಲ್ಕು ಬೆಣಚುಕಲ್ಲು ಇಟ್ಟು ಗೋಡೆಯ ಬುಡಕ್ಕೆ ತಂದಿಟ್ಟಳು.

ಯುಗಾದಿಗೆ ವಾರ ಇರುವಾಗ ಗೌಡರು ಹೊಲದ ಕಡೆ ಬಂದರು. ಬೆಳಗಿನ ಹೊತ್ತು. ಯಮುನಮ್ಮ ಕುಂಬಳದ ಬಳ್ಳಿಯ ನಡುವೆ ಬಗ್ಗಿದ್ದಳು, ಚೌಡಪ್ಪ ಬದುವಿನ ಮೇಲಿದ್ದ. ಹಂಗಾದ್ರೆ ಮಾತಿನ ಪ್ರಕಾರ ಏನಮ್ಮ ಅಂತ ಗೌಡರು ಕೇಳಿದರು. ಅವಳು ತಲೆ ಎತ್ತಲಿಲ್ಲ. ಎದುರಿಗೆ ಅರಳಿದ ಹೆಣ್ಣು ಹೂವಿನೊಳಗೆ ಮೈಯೆಲ್ಲ ಹಳದಿ ಪುಡಿ ಮೆತ್ತಿದ ಒಂದು ಹುಳ ಸುತ್ತುತ್ತಿತ್ತು, ಪಕ್ಕದ ಹೂವಿನಲ್ಲಿ ಎರಡು.

"ಗೌಡ್ರೆ, ಒಂಚೂರು ಆ ಕಡೆ ನಿಂತ್ಕೊಳ್ರಿ. ನಿಮ್ಮ ನೆರಳು ಹೂವಿನ ಮೇಲೆ ಬೀಳ್ತೈತೆ."

ಗೌಡರು ಹೂವನ್ನು ನೋಡಿದರು, ಹುಳವನ್ನು ನೋಡಿದರು. ಚಪ್ಪಲಿ ಕೈಗೆತ್ತಿಕೊಂಡು, ಬಳ್ಳಿ ತುಳಿಯದಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.